ಹೂಕೋಸಿನ ಮ್ಯಾಶ್: ಮೊದಲು ಬಸಿಯಿರಿ, ಆಮೇಲೆ ಮಸೆಯಿರಿ

ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಬಸಿಯುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾಳು, ಸೊಪ್ಪು ಬೆಂದ ಮೇಲೆ ಕಟ್ಟನ್ನು ಒಂದು ಪಾತ್ರೆಗೆ ಬಸಿದು, ಬೆಂದದ್ದನ್ನು ಪಲ್ಯಕ್ಕೆ ಎತ್ತಿಟ್ಟುಕೊಂಡರೇನೇ ಬಸ್ಸಾರೂ ಪಲ್ಯವೂ ಎರಡೂ ನೆಟ್ಟಗಾಗುವುದು. ಅರೆಬರೆ ಬಸಿದ ಸೊಪ್ಪು ಒಗ್ಗರಣೆಗೆ ಬಿದ್ದ ಕೂಡಲೇ ನೀರು ಬಿಟ್ಟುಕೊಂಡು ಕೂರುತ್ತದೆ. ಹೂಕೋಸನ್ನು ಬೇಯಿಸಿ, ಬೆಣ್ಣೆ ಹಾಕಿ ಮಸೆದು ಮಾಡುವ ಮ್ಯಾಶ್‌ಗೂ ಬೇಕಾದದ್ದು ಇದೇ ಬುದ್ಧಿ. ಹಾಗಿದ್ದೂ ಹೂಕೋಸು ಕೈಗೆ ಬಂದಾಗ ನಾವು ಅದನ್ನು ಆಲೂಗೆಡ್ಡೆಯ ತಂಗಿ ಅಂದುಕೊಂಡುಬಿಡುತ್ತೇವೆ. ಕುಕ್ಕರಿಗೆ ಹಾಕಿ, ಎರಡು ವಿಷಲ್ ಕೂಗಿಸಿ, ಹಾಲು ಬೆಣ್ಣೆ ಸುರಿದು ಮಿಕ್ಸಿ ತಿರುಗಿಸುತ್ತೇವೆ. ಬರುವುದು ಗಂಜಿ. ತಟ್ಟೆಗೆ ಬಡಿಸಿ ಎರಡು ನಿಮಿಷಕ್ಕೆ ಸುತ್ತ ನೀರು ಒಸರಿ ಪಕ್ಕದ ಚಪಾತಿ ನೆನೆಯುತ್ತದೆ.

ಈ ಮ್ಯಾಶ್‌ನ ಹದ ತೀರ್ಮಾನವಾಗುವುದು ಮಿಕ್ಸಿಯಲ್ಲಲ್ಲ. ಅದಕ್ಕೂ ಮೊದಲು, ಬೆಂದ ಹೂವಿನಿಂದ ಎಷ್ಟು ನೀರು ಹೊರಗೆ ಹೋಯಿತು ಅನ್ನುವುದರಲ್ಲಿ.

ಕಾರಣ ತರಕಾರಿಯ ಒಳಗೇ ಇದೆ. 100 ಗ್ರಾಂ ಹಸಿ ಹೂಕೋಸಿನಲ್ಲಿ ಸುಮಾರು 92 ಗ್ರಾಂ ನೀರು. ಪಿಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಲೂಗೆಡ್ಡೆಯಲ್ಲಿ ನೀರು 80 ಗ್ರಾಂ ಹತ್ತಿರ ಇದ್ದರೂ ಅದರ ಜೊತೆಗೆ ಸುಮಾರು 15 ಗ್ರಾಂ ಪಿಷ್ಟವಿದೆ. ಬೇಯುವಾಗ ಆ ಪಿಷ್ಟ ಸುತ್ತಲಿನ ನೀರನ್ನೆಲ್ಲ ಕುಡಿದು ಉಬ್ಬಿ ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಮುದ್ದೆ ಉಂಡೆಯಾಗಿ ನಿಲ್ಲುವುದೂ ಹೀಗೆಯೇ: ಹಿಟ್ಟಿನ ಪಿಷ್ಟ ಕುದಿಯುವ ನೀರು ಕುಡಿದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹೂಕೋಸಿಗೆ ಆ ಅಂಟಿಲ್ಲ. ಅದರ ನೀರು ಜೀವಕೋಶಗಳ ಚೀಲದಲ್ಲಿ ತುಂಬಿಟ್ಟ ನೀರು. ಬೇಯಿಸಿ ಅರೆದಾಗ ಚೀಲ ಒಡೆಯುತ್ತದೆ, ನೀರು ಹೊರಗೆ ಬರುತ್ತದೆ, ಹಿಡಿದುಕೊಳ್ಳುವವರು ಯಾರೂ ಇರುವುದಿಲ್ಲ. ಸಕ್ಕರೆ ಕಾಯಿಲೆಯವರು, ಅನ್ನ ಕಡಿಮೆ ಮಾಡಬೇಕಾದವರು ಈ ಮ್ಯಾಶ್‌ಗೆ ಬರುವುದು ಪಿಷ್ಟ ಇಲ್ಲ ಅನ್ನುವ ಕಾರಣಕ್ಕೇ. ಮ್ಯಾಶ್ ಕೆಡುವುದೂ ಅದೇ ಕಾರಣಕ್ಕೆ.

ಇದರಿಂದ ಒಂದು ಅನುಕೂಲವೂ ಉಂಟು. ಆಲೂಗೆಡ್ಡೆಯನ್ನು ಮಿಕ್ಸಿಗೆ ಹಾಕಬಾರದು. ಬ್ಲೇಡು ಕೋಶಗಳನ್ನು ಸೀಳಿ ಒಳಗಿನ ಪಿಷ್ಟವನ್ನೆಲ್ಲ ಹೊರಗೆಳೆದು ಅಂಟು ಅಂಟು ಮಾಡುತ್ತದೆ, ಮೈದಾ ಅಂಟಿನ ಹಾಗೆ. ಹೂಕೋಸನ್ನು ಎಷ್ಟು ಹೊತ್ತು ತಿರುಗಿಸಿದರೂ ಅಂಟಾಗುವುದಿಲ್ಲ, ಇನ್ನಷ್ಟು ನುಣ್ಣಗಾಗುತ್ತದೆ ಅಷ್ಟೆ. ನೀರು ಮೊದಲೇ ತೆಗೆದಿದ್ದರೆ ಮಿಕ್ಸಿಗೆ ಹೆದರಬೇಕಾಗಿಲ್ಲ.

ಹೂವು ಆರಿಸುವುದು

ಒಳ್ಳೆಯ ಮ್ಯಾಶ್ ಬೇಕಾದರೆ ಚಳಿಗಾಲದ ಹೂವು. ನವೆಂಬರ್‌ನಿಂದ ಫೆಬ್ರವರಿ, ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ ಬೀಳುವ ತಿಂಗಳುಗಳು. ಹೂಕೋಸು ಮೂಲದಲ್ಲಿ ತಂಪು ಹವೆಯ ಬೆಳೆ. 1822ರಲ್ಲಿ ಇಂಗ್ಲೆಂಡಿನಿಂದ ಈಗಿನ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ತೋಟಕ್ಕೆ ಬಂದು, ಅಲ್ಲಿಂದೀಚೆಗೆ ನಮ್ಮ ಬಿಸಿಲು ತಡೆಯುವ ತಳಿಗಳು ಬೇರೆಯಾಗಿ ರೂಪುಗೊಂಡವು. ಸ್ನೋಬಾಲ್ ಜಾತಿಯ ತಡ ತಳಿಗಳಿಗೆ ಹೂವು ಕಟ್ಟಲು 10ರಿಂದ 16 ಡಿಗ್ರಿ ಚಳಿ ಬೇಕು. ಬೇಗ ಬರುವ ತಳಿಗಳು 20ರಿಂದ 27 ಡಿಗ್ರಿಯಲ್ಲೂ ಕಟ್ಟುತ್ತವೆ, ಆದರೆ ಅವುಗಳ ಹೂವು ಸಡಿಲ, ಬಣ್ಣ ಸ್ವಲ್ಪ ಹಳದಿ.

ತಳಿಗೆ ತಕ್ಕ ಚಳಿ ಸಿಗದೆ ಸೆಕೆ ಹೆಚ್ಚಾದರೆ ಹೂವಿನ ಮೇಲ್ಮೈ ಮಖಮಲ್ಲಿನ ಹಾಗೆ ನವಿರು ರೋಮ ಬಂದಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಮೊಗ್ಗು. ಅಂಥ ಹೂವು ಪಲ್ಯಕ್ಕೋ ಸಾಗುವಿಗೋ ಆಗಬಹುದು, ಮ್ಯಾಶ್‌ಗೆ ಬೇಡ. ಆ ಮೊಗ್ಗುಗಳು ಎಷ್ಟು ಅರೆದರೂ ನಾಲಿಗೆಗೆ ರವೆ ರವೆಯಾಗಿ ಸಿಗುತ್ತವೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಎಂ.ಜಿ. ರಸ್ತೆಯ ತರಕಾರಿ ಸಾಲಿನಲ್ಲಾಗಲಿ ಹೂವನ್ನು ಕೈಗೆತ್ತಿಕೊಂಡು ತೂಗಿ ನೋಡಿ: ಗಾತ್ರಕ್ಕಿಂತ ಭಾರ ಹೆಚ್ಚು ಅನ್ನಿಸಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಹೂವು ಬಿಚ್ಚಿಕೊಳ್ಳಬಾರದು. ಅಡಿ ದಂಟು ಕತ್ತರಿಸಿದ ಜಾಗ ಬಿಳಿಯಾಗಿ ಒದ್ದೆಯಾಗಿರಬೇಕು. ಅಲ್ಲಿ ಟೊಳ್ಳಾಗಿ ಕಂದು ತಿರುಗಿದ್ದರೆ ಆ ದಂಟು ನಾರು ನಾರಾಗಿರುತ್ತದೆ, ಅದನ್ನು ಮ್ಯಾಶ್‌ಗೆ ಸೇರಿಸುವುದು ಬೇಡ.

ಎಲೆ ಸಮೇತ 1 ಕೆಜಿ ತೂಗುವ ಹೂಕೋಸಿನಲ್ಲಿ ಹೂವು ಮತ್ತು ಸಿಪ್ಪೆ ತೆಗೆದ ದಂಟು ಸೇರಿ ಸುಮಾರು 600 ಗ್ರಾಂ ಸಿಗುತ್ತದೆ. ಮುಂದಿನ ಲೆಕ್ಕವೆಲ್ಲ ಈ 600 ಗ್ರಾಂಗೆ. ನಾಲ್ಕು ಜನಕ್ಕೆ ಚಪಾತಿಯ ಪಕ್ಕಕ್ಕೆ ಸಾಕು.

ಹುಳಕ್ಕೆ ಉಪ್ಪುನೀರು ತಪ್ಪಿಸುವ ಹಾಗಿಲ್ಲ. ಆದರೆ ಅದನ್ನು ಯಾವ ಹಂತದಲ್ಲಿ ಮಾಡುತ್ತೀರಿ ಅನ್ನುವುದು ಮುಖ್ಯ. ಹೂವನ್ನು ನಾಲ್ಕು ಹೋಳು ಮಾಡಿ, ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ತಲೆಕೆಳಗಾಗಿ 10 ನಿಮಿಷ ಮುಳುಗಿಸಿ, ಆಮೇಲೆ ಜೋರಾಗಿ ಕೊಡವಿ. ಸಣ್ಣಗೆ ಹೆಚ್ಚಿಕೊಂಡು ನೆನೆಹಾಕಿದರೆ ಎಸಳುಗಳ ಸಂದಿಯಲ್ಲೆಲ್ಲ ನೀರು ಸೇರಿಕೊಳ್ಳುತ್ತದೆ, ಅದನ್ನು ಮತ್ತೆ ತೆಗೆಯುವ ಕೆಲಸ ನಮಗೇ. ಪಲ್ಯಕ್ಕಾದರೆ ನೀರಿಗೆ ಅರಿಶಿನ ಹಾಕುವುದುಂಟು. ಇಲ್ಲಿ ಬೇಡ, ಬಣ್ಣ ಹಿಡಿಯುತ್ತದೆ.

ಬೇಯಿಸುವುದಕ್ಕೆ ಇಡ್ಲಿ ಪಾತ್ರೆ

ನೀರಲ್ಲಿ ಮುಳುಗಿಸಿ ಬೇಯಿಸಿದರೆ ಹೂವಿನ ಸ್ಪಂಜಿನಂಥ ತಲೆ ಇನ್ನಷ್ಟು ನೀರು ಕುಡಿಯುತ್ತದೆ. ಕುಕ್ಕರಿನಲ್ಲಿ ಇಟ್ಟರೆ ಹೂವು ಪೂರ್ತಿ ಕುಸಿದು, ದಂಟಿನ ಒಳಗಿನ್ನೂ ಗಟ್ಟಿ ಉಳಿದಿರುತ್ತದೆ. ಅಷ್ಟೇ ಅಲ್ಲ, ಮುಚ್ಚಿಟ್ಟು ಅತಿಯಾಗಿ ಬೇಯಿಸಿದಷ್ಟೂ ಗಂಧಕದ ವಾಸನೆ ಹೆಚ್ಚು. ಮ್ಯಾಶ್ ತಿನ್ನುವಾಗ ಕೋಸಿನ ಹಳಸು ವಾಸನೆ ಬರುತ್ತಿದೆ ಅನ್ನುವವರ ತೊಂದರೆ ಬಹುಮಟ್ಟಿಗೆ ಇದೇ.

ಇಡ್ಲಿ ಪಾತ್ರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇಡ್ಲಿ ತಟ್ಟೆ ತೆಗೆದು ತೂತಿನ ತಟ್ಟೆ ಇಟ್ಟುಕೊಳ್ಳಿ. ಹೂವನ್ನು ಒಂದೂವರೆ ಅಂಗುಲದ ತುಂಡು ಮಾಡಿ, ಎಲ್ಲ ಒಂದೇ ಗಾತ್ರ ಇರಲಿ. ದಂಟಿನ ಸಿಪ್ಪೆಯನ್ನು ದಪ್ಪವಾಗಿ ತೆಗೆದು ಒಳಗಿನ ಬಿಳಿ ತಿರುಳನ್ನು ಕಾಲು ಅಂಗುಲದ ಬಿಲ್ಲೆ ಮಾಡಿ. ತಟ್ಟೆಯಲ್ಲಿ ಬಿಲ್ಲೆಗಳು ಅಡಿಗೆ, ಹೂವು ಅವುಗಳ ಮೇಲೆ. ಜೊತೆಗೆ ನಾಲ್ಕು ಎಸಳು ಸುಲಿದ ಬೆಳ್ಳುಳ್ಳಿಯನ್ನೂ ಇಟ್ಟುಬಿಡಿ. ಹಸಿ ಬೆಳ್ಳುಳ್ಳಿ ಮ್ಯಾಶ್‌ನಲ್ಲಿ ಕಟುವಾಗುತ್ತದೆ, ಹಬೆಯಲ್ಲಿ ಬೆಂದದ್ದು ಬೆಣ್ಣೆಯ ಜೊತೆ ಬೆರೆತುಹೋಗುತ್ತದೆ.

ನೀರು ತಳಮಳ ಕುದ್ದು ಹಬೆ ಜೋರಾಗಿ ಬರಲು ಶುರುವಾದ ಮೇಲೇ ತಟ್ಟೆ ಒಳಗೆ ಇಡಿ. ಇದು ಸಣ್ಣ ಮಾತಲ್ಲ. ಹೂಕೋಸು 55-60 ಡಿಗ್ರಿಯ ಬಿಸಿಯಲ್ಲಿ ತುಂಬ ಹೊತ್ತು ಕಳೆದರೆ ಅದರೊಳಗಿನ ಒಂದು ಕಿಣ್ವ ಚುರುಕಾಗಿ, ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗಲು ಹಟ ಮಾಡುತ್ತದೆ. ತಣ್ಣೀರಲ್ಲಿಟ್ಟು ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿದ ಹೂಕೋಸಿನ ಮ್ಯಾಶ್ ತರಿತರಿ ಉಳಿಯುವುದಕ್ಕೆ ಇದೇ ಮೂಲ. ನೇರ ಕುದಿ ಹಬೆಗೆ ಇಟ್ಟರೆ ಆ ಹಂತವನ್ನು ಹೂವು ಬೇಗ ದಾಟಿಬಿಡುತ್ತದೆ.

ಪೆಕ್ಟಿನ್ ವಿಷಯ ಬಂದದ್ದರಿಂದ ನೀರಿನ ಮಾತನ್ನೂ ಹೇಳಬೇಕು. ಬೋರ್‌ವೆಲ್‌ನ ಗಡಸು ನೀರಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುವುದನ್ನು ಎಲ್ಲರೂ ಕಂಡಿದ್ದೇವೆ. ಬೇಳೆಗೆ ಅಂತ ಕಾವೇರಿ ನೀರು ಹಿಡಿದಿಟ್ಟುಕೊಳ್ಳುವುದೂ ಉಂಟು. ಹೂಕೋಸಿಗೂ ಅದೇ ಕಥೆ: ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿಮಾಡುತ್ತದೆ. ಜೊತೆಗೆ ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗಿರುವುದರಿಂದ ಬಿಳಿ ಹೂವು ಹಳದಿಗೆ ತಿರುಗುತ್ತದೆ. ಹಬೆಯಲ್ಲಿ ಬೇಯಿಸಿದರೆ ಈ ಎರಡೂ ಕಾಟವಿಲ್ಲ. ಗಡಸೆಲ್ಲ ಪಾತ್ರೆಯ ತಳದ ನೀರಲ್ಲೇ ಉಳಿಯುತ್ತದೆ, ಹೂವಿಗೆ ತಾಗುವುದು ಬರೀ ಆವಿ.

ಹೊತ್ತು ಎಷ್ಟು? ಹಬೆ ಬಂದ ಮೇಲೆ 12ರಿಂದ 14 ನಿಮಿಷ. ಸಮುದ್ರಮಟ್ಟದ ಊರುಗಳ ಪಾಕವಿಧಾನದಲ್ಲಿ 10 ನಿಮಿಷ ಅಂತಿದ್ದರೆ ಗಾಬರಿ ಬೇಡ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಚಿಲ್ಲರೆಗೆ. ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ. ಐದನೇ ನಿಮಿಷಕ್ಕೆ ಒಂದು ಸಲ ಮುಚ್ಚಳ ಎತ್ತಿ ವಾಸನೆ ಹೊರಗೆ ಬಿಡಿ, ತಟ್ಟನೆ ಮುಚ್ಚಿ.

ಗಡಿಯಾರಕ್ಕಿಂತ ಚಾಕು ನಂಬಿ. ಹೂವಿನ ತಲೆಗಲ್ಲ, ಅದರ ಕಾಂಡಕ್ಕೆ ಚುಚ್ಚಬೇಕು. ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು, ಹೊರಗೆಳೆಯುವಾಗ ತುಂಡು ಚಾಕಿಗೆ ಅಂಟಿ ಮೇಲೆ ಬರಬಾರದು. ಒಂದು ತುಂಡನ್ನು ಎರಡು ಬೆರಳಲ್ಲಿ ಹಿಸುಕಿ: ಪೂರ್ತಿ ನುರಿಯಬೇಕು, ನಡುವೆ ಗಂಟು ಸಿಗಬಾರದು. ಪಲ್ಯಕ್ಕೆ ಬೇಯಿಸುವ ಹದ ಇಲ್ಲಿ ಸಾಲದು. ಕಮ್ಮಿ ಬೆಂದ ಹೂವನ್ನು ಮಿಕ್ಸಿ ಸರಿಮಾಡುತ್ತದೆ ಅನ್ನುವ ನಂಬಿಕೆ ತಪ್ಪು. ಮಿಕ್ಸಿ ಅದನ್ನು ಸಣ್ಣ ಸಣ್ಣ ಗಟ್ಟಿ ಹರಳಾಗಿ ಕತ್ತರಿಸುತ್ತದೆ, ಅಷ್ಟೇ.

ಎರಡು ವಸ್ತು ಈ ಹಂತದಲ್ಲಿ ಹತ್ತಿರಕ್ಕೂ ಬರಕೂಡದು. ಒಂದು ಹುಳಿ, ನಿಂಬೆರಸವಾಗಲಿ ಹುಣಸೆಯಾಗಲಿ ಟೊಮೆಟೊ ಆಗಲಿ. ಹುಳಿ ಬಿದ್ದರೆ ಪೆಕ್ಟಿನ್ ಕರಗುವುದು ನಿಧಾನವಾಗುತ್ತದೆ. ಇನ್ನೊಂದು ಅಡುಗೆ ಸೋಡಾ. ಸೋಡಾ ಹಾಕಿದರೆ ಮೆತ್ತಗಾಗುವುದೇನೋ ನಿಜ, ಆದರೆ ಲೋಳೆಯಂತಾಗಿ, ಹಳದಿಯಾಗಿ, ಸೋಪಿನ ರುಚಿ ಬರುತ್ತದೆ. ಕಬ್ಬಿಣದ ಬಾಣಲೆಯೂ ಬೇಡ, ಹೂವಿನ ಬಣ್ಣ ಕಂದುಗಟ್ಟುತ್ತದೆ. ಸ್ಟೀಲು ಒಳ್ಳೆಯದು.

ಮೈಕ್ರೊವೇವ್ ಇರುವವರಿಗೆ ಇನ್ನೂ ಸುಲಭ. 600 ಗ್ರಾಂ ಹೂವನ್ನು ನೀರು ಹಾಕದೆ ಗಾಜಿನ ಬಟ್ಟಲಲ್ಲಿ ಸಡಿಲವಾಗಿ ಮುಚ್ಚಿ, 800 ವ್ಯಾಟ್‌ನಲ್ಲಿ 10 ನಿಮಿಷ ಇಟ್ಟು, ನಡುವೆ ಒಮ್ಮೆ ಕದಡಿದರೆ ಆಯಿತು. ಓವನ್ನಿನಲ್ಲಿ 200 ಡಿಗ್ರಿಗೆ ಅರ್ಧ ಗಂಟೆ ಹುರಿದರೆ ನೀರು ಅಲ್ಲೇ ಹಾರಿಹೋಗುತ್ತದೆ, ರುಚಿ ಗಾಢವಾಗುತ್ತದೆ. ಆದರೆ ಬಿಳುಪೂ ಹೋಗುತ್ತದೆ, ಅಂಚಿನ ಕಂದು ಸಿಪ್ಪೆ ನುಣ್ಣಗೆ ಅರೆಯುವುದಿಲ್ಲ.

ಬಸಿಯುವುದು, ಆರಿಸುವುದು, ಹಿಂಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮೂರು ಪಟ್ಟು ಕೆಲಸ ಅನ್ನಿಸಿದರೂ ಒಟ್ಟು ಹತ್ತು ಹನ್ನೆರಡು ನಿಮಿಷ.

ಬೆಂದ ತಕ್ಷಣ ತುಂಡುಗಳನ್ನು ಅಗಲವಾದ ತಟ್ಟೆಯ ಮೇಲೆ ಒಣ ಪಂಚೆ ಬಟ್ಟೆ ಹಾಸಿ ಒಂದೇ ಪದರಕ್ಕೆ ಹರಡಿ. ಬಿಸಿಯಾಗಿರುವಾಗ ಆವಿ ತಾನಾಗಿ ಏಳುತ್ತದೆ, ಆ ಆವಿಯೆಲ್ಲ ನಮಗೆ ಬೇಡದ ನೀರು. ಮುಚ್ಚಿಟ್ಟರೆ ಅದೇ ಆವಿ ಮುಚ್ಚಳದಿಂದ ತೊಟ್ಟಿಕ್ಕಿ ವಾಪಸು ಹೂವಿಗೇ ಸೇರುತ್ತದೆ. ಐದು ನಿಮಿಷ ಹಾಗೇ ಬಿಡಿ.

ಆಮೇಲೆ ಅಗಲ ತಳದ, ದಪ್ಪ ಸ್ಟೀಲು ಬಾಣಲೆಯನ್ನು ಸಣ್ಣ ಉರಿಗೆ ಇಟ್ಟು, ಎಣ್ಣೆ ಬೆಣ್ಣೆ ಏನೂ ಹಾಕದೆ ಹೂವನ್ನು ಹಾಕಿ. ಮರದ ಸೌಟಿನ ಹಿಂಬದಿಯಿಂದ ಸ್ವಲ್ಪ ಸ್ವಲ್ಪವೇ ಜಜ್ಜುತ್ತಾ ತಿರುವುತ್ತಿರಿ. ಮೊದಲು ಚುಂಯ್ ಅನ್ನುವ ಸದ್ದು, ಹೊಗೆಯಂತೆ ದಟ್ಟ ಆವಿ. ನಾಲ್ಕೈದು ನಿಮಿಷಕ್ಕೆ ಸದ್ದು ಇಳಿಯುತ್ತದೆ, ತಳದಲ್ಲಿ ತೆಳ್ಳಗೆ ಬಿಳಿ ಪೊರೆ ಅಂಟತೊಡಗುತ್ತದೆ. ಅದೇ ಗುರುತು, ಅಲ್ಲಿಗೆ ಉರಿ ಆರಿಸಿ. ಆ ಪೊರೆ ಕಂದಾಗುವ ತನಕ ಕಾಯಬೇಡಿ.

ಗಟ್ಟಿ ಮ್ಯಾಶ್ ಬೇಕಿದ್ದರೆ ಕೊನೆಯ ಹಿಂಡುವಿಕೆ. ತೆಳು ಪಂಚೆ ಬಟ್ಟೆಗೆ ಹಾಕಿ ಗಂಟು ಕಟ್ಟಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಹಿಂಡಿ. ಪನೀರ್ ಹಿಂಡುವಷ್ಟು ಬಲ ಹಾಕಬೇಡಿ. ಸಾಧಾರಣ ಒತ್ತಿದರೆ ಧಾರೆಯಾಗಿ ಬರುವ ನೀರು ಬಂದು, ಆಮೇಲೆ ತೊಟ್ಟು ತೊಟ್ಟಾದಾಗ ನಿಲ್ಲಿಸಿ. ಕೊನೆಯ ಹನಿಯವರೆಗೂ ಹಿಂಡಿದರೆ ಉಳಿಯುವುದು ಬರೀ ನಾರು. ಅದು ಬಾಯಲ್ಲಿ ಹತ್ತಿಯ ಹಾಗೆ, ಎಷ್ಟು ಬೆಣ್ಣೆ ಹಾಕಿದರೂ ಜಾರುವುದಿಲ್ಲ.

ತಕ್ಕಡಿ ಇದ್ದರೆ ಊಹೆ ಬೇಕಿಲ್ಲ. ಹಸಿಯಾಗಿ 600 ಗ್ರಾಂ ಇದ್ದದ್ದು ಈಗ 430ರಿಂದ 450 ಗ್ರಾಂ ಇರಬೇಕು, ಅಂದರೆ ಕಾಲು ಭಾಗ ತೂಕ ಇಳಿದಿರಬೇಕು. 500ಕ್ಕಿಂತ ಹೆಚ್ಚಿದ್ದರೆ ಮ್ಯಾಶ್ ನೀರೊಡೆಯುತ್ತದೆ, ಮತ್ತೆ ಬಾಣಲೆಗೆ ಹಾಕಿ. 400ಕ್ಕಿಂತ ಕೆಳಗಿಳಿದಿದ್ದರೆ ಹಿಂಡಿದ ನೀರನ್ನೇ ಒಂದೆರಡು ಚಮಚ ವಾಪಸು ಸೇರಿಸಿ.

ಫ್ರೀಜರಿನ ಹೂಕೋಸು ಬಳಸುವವರು ಹಿಂಡುವುದನ್ನು ಬಿಡಲೇಬಾರದು. ಹೆಪ್ಪುಗಟ್ಟುವಾಗ ಒಳಗಿನ ಮಂಜಿನ ಹರಳು ಕೋಶಗಳನ್ನು ಒಡೆದಿರುವುದರಿಂದ ಅದು ಎರಡು ಪಟ್ಟು ನೀರು ಬಿಟ್ಟ ಹಾಗೆ ಕಾಣುತ್ತದೆ. ಹಾಗಂತ ಅದು ಕೀಳಲ್ಲ. ಚೆನ್ನಾಗಿ ಹಿಂಡಿದರೆ ಬಹಳ ನುಣುಪಾದ ಮ್ಯಾಶ್ ಕೊಡುತ್ತದೆ. ಕರಗಿಸದೆ ನೇರ ಹಬೆಗೆ ಇಡಿ.

ಹಿಂಡಿದ ನೀರನ್ನು ಚೆಲ್ಲಬೇಡಿ. ಬಸ್ಸಾರಿನ ಕಟ್ಟು ಇದ್ದ ಹಾಗೆ ಇದು. ಅದರಲ್ಲಿ ರುಚಿಯಿದೆ. ಅವತ್ತಿನ ಬೇಳೆ ಸಾರಿಗೋ ತಿಳಿಸಾರಿಗೋ ಸೇರಿಸಿ.

ಮಸೆಯುವುದು

ಎರಡು ಹದಗಳಿವೆ, ಎರಡಕ್ಕೂ ಸಲಕರಣೆ ಬೇರೆ. ಚಪಾತಿ, ಅಕ್ಕಿ ರೊಟ್ಟಿಗೆ ಸ್ವಲ್ಪ ತರಿ ಉಳಿದ ಮ್ಯಾಶ್ ಚೆನ್ನ. ರೊಟ್ಟಿಯ ತುಂಡಿನಲ್ಲಿ ಎತ್ತಿಕೊಂಡಾಗ ಜಾರುವುದಿಲ್ಲ. ಅದಕ್ಕೆ ಮಸ್ಸೊಪ್ಪು ಮಸೆಯುವ ಕಡಗೋಲೋ ಪಾವ್ ಭಾಜಿಯ ಮ್ಯಾಶರೋ ಸಾಕು. ವಯಸ್ಸಾದವರಿಗೆ, ಹಲ್ಲಿಲ್ಲದವರಿಗೆ, ಮಕ್ಕಳಿಗೆ ಪೂರ್ತಿ ನುಣ್ಣಗೆ ಬೇಕು. ಅದಕ್ಕೆ ಮಿಕ್ಸಿ.

ಮಿಕ್ಸಿಯ ದೊಡ್ಡ ಜಾರಿಗೆ 450 ಗ್ರಾಂ ಹಾಕಿದರೆ ಒಂದು ಸುತ್ತಿಗೆ ಎಲ್ಲ ಗೋಡೆಗೆ ಅಂಟಿ, ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ. ಆಗ ಕೈ ತಾನಾಗಿ ಹಾಲಿನ ಲೋಟಕ್ಕೆ ಹೋಗುತ್ತದೆ. ಕಷ್ಟಪಟ್ಟು ತೆಗೆದ ನೀರು ಹಾಲಿನ ರೂಪದಲ್ಲಿ ವಾಪಸು ಬರುವುದು ಇಲ್ಲೇ. ಚಟ್ನಿ ಜಾರಿನಲ್ಲಿ ಎರಡು ಸಲಕ್ಕೆ ಹಾಕಿ. ಮೊದಲು ಬೆಣ್ಣೆ, ಅದರ ಮೇಲೆ ಹೂವು. ಬೆಣ್ಣೆ ಬ್ಲೇಡಿನ ಹತ್ತಿರ ಕರಗಿ ದಾರಿ ಮಾಡಿಕೊಡುತ್ತದೆ. ಗುಂಡಿಯನ್ನು ಹಿಮ್ಮುಖ ತಿರುವಿ (ಪಲ್ಸ್) ಎರಡೆರಡು ಸೆಕೆಂಡು ನಾಲ್ಕೈದು ಸಲ, ಗೋಡೆ ಕೆರೆದು, ಆಮೇಲೆ ಒಂದನೇ ವೇಗದಲ್ಲಿ 30 ಸೆಕೆಂಡು, ಮತ್ತೆ ಕೆರೆದು ಇನ್ನೊಂದು 30 ಸೆಕೆಂಡು. ಕುದಿಬಿಸಿ ಹೂವನ್ನು ಮುಚ್ಚಿದ ಜಾರಿಗೆ ಹಾಕಬೇಡಿ. ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಡುತ್ತದೆ. ಬಾಣಲೆಯಿಂದ ಇಳಿಸಿ ಐದು ನಿಮಿಷ ಆರಿದ್ದರೆ ಸರಿ, ಬೆಣ್ಣೆ ಕರಗುವಷ್ಟು ಬಿಸಿ ಉಳಿದಿರುತ್ತದೆ.

ಇನ್ನೂ ಒಂದು ಸಲಕರಣೆ ನಮ್ಮ ಅಡುಗೆಮನೆಗಳ ಅಟ್ಟದಲ್ಲೇ ಇದೆ: ಒತ್ತುಶ್ಯಾವಿಗೆಯ ಒರಳು. ಸಣ್ಣ ತೂತಿನ ಬಿಲ್ಲೆ ಹಾಕಿ ಬೆಂದ ಹೂವನ್ನು ತುಂಬಿ ಒತ್ತಿದರೆ ಮೊದಲು ನೀರು ಇಳಿಯುತ್ತದೆ, ಅದನ್ನು ಬೇರೆ ಬಟ್ಟಲಿಗೆ ಹಿಡಿಯಿರಿ. ಆಮೇಲೆ ಎಳೆ ಎಳೆಯಾಗಿ ತಿರುಳು ಬರುತ್ತದೆ. ದಂಟಿನ ನಾರು ಒಳಗೇ ಉಳಿಯುತ್ತದೆ. ಹಿಂಡುವುದು, ಮಸೆಯುವುದು, ಸೋಸುವುದು ಮೂರೂ ಒಂದೇ ಕೈಗೆ. ಆಲೂಗೆಡ್ಡೆ ಸೇರಿಸುವವರು ಅದನ್ನೂ ಇದರಲ್ಲೇ ಒತ್ತಬಹುದು, ಅಂಟಾಗುವ ಭಯವಿಲ್ಲ.

430-450 ಗ್ರಾಂ ತಿರುಳಿಗೆ ಬೆಣ್ಣೆ 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚ. ಕೆನೆ ಅಥವಾ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ನೀರಿಳಿಸಿದ ಗಟ್ಟಿ ಮೊಸರು ಎರಡು ದೊಡ್ಡ ಚಮಚ. ಉಪ್ಪು ಮುಕ್ಕಾಲು ಟೀ ಚಮಚ, ಉಪ್ಪು ಬೆಣ್ಣೆಯಾದರೆ ಅದರ ಅರ್ಧ. ಕಾಳುಮೆಣಸಿನ ಪುಡಿ ಕಾಲು ಟೀ ಚಮಚ. ಬಿಳಿ ಮೆಣಸು ಸಿಕ್ಕರೆ ಕಪ್ಪು ಚುಕ್ಕೆ ಕಾಣುವುದಿಲ್ಲ. ಹಾಲು ಬೇಡ.

ಪಿಷ್ಟ ಇಲ್ಲದ ಈ ಮ್ಯಾಶ್‌ಗೆ ನುಣುಪು ಕೊಡುವುದು ಜಿಡ್ಡು. ನಾರಿನ ಸಣ್ಣ ಚೂರುಗಳಿಗೆಲ್ಲ ಬೆಣ್ಣೆ ಸವರಿಕೊಂಡರೆ ನಾಲಿಗೆಗೆ ರವೆಯಂಥ ಸ್ಪರ್ಶ ಗೊತ್ತಾಗುವುದಿಲ್ಲ. ತುಪ್ಪ ಇದೇ ಕೆಲಸ ಮಾಡುತ್ತದಲ್ಲ ಅಂದರೆ, ಪೂರ್ತಿ ಅಲ್ಲ. ಬೆಣ್ಣೆಯಲ್ಲಿ ಹಾಲಿನ ಅಂಶ, ಸ್ವಲ್ಪ ನೀರು ಇರುವುದರಿಂದ ಅದು ತಿರುಳಿನ ಜೊತೆ ಬೆರೆತು ಕೆನೆಯಂತಾಗುತ್ತದೆ. ತುಪ್ಪ ಬರೀ ಜಿಡ್ಡು, ಮೇಲೆ ತೇಲುತ್ತದೆ, ಆರಿದ ಮೇಲೆ ಹರಳುಗಟ್ಟುತ್ತದೆ. ಮೊಸರನ್ನು ಒಲೆಯಿಂದ ಇಳಿಸಿದ ಮೇಲೇ ಹಾಕಿ, ಕುದಿಬಿಸಿಗೆ ಬಿದ್ದರೆ ಒಡೆದು ಮತ್ತೆ ನೀರು. ಉಪ್ಪೂ ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಾಕಿದರೆ ರುಚಿ ನೋಡಿ ಸರಿಮಾಡುವ ಅವಕಾಶ ಇರುವುದಿಲ್ಲ, ನೀರಿಳಿದಂತೆ ಉಪ್ಪು ಏರುತ್ತದೆ.

ಹದ ನೋಡುವುದಕ್ಕೆ ಒಂದು ಚಮಚ ಮ್ಯಾಶ್ ಅನ್ನು ಒಣ ಸ್ಟೀಲು ತಟ್ಟೆಗೆ ಹಾಕಿ ಎರಡು ನಿಮಿಷ ಬಿಡಿ. ಆಕಾರ ಹಾಗೇ ನಿಂತು, ಸುತ್ತ ನೀರಿನ ಉಂಗುರ ಕಾಣದಿದ್ದರೆ ಗೆದ್ದಿರಿ. ಉಂಗುರ ಕಂಡರೆ ಬಡಿಸಬೇಡಿ.

ಕೆಟ್ಟದ್ದನ್ನು ಸರಿಮಾಡುವುದು

ತೆಳುವಾದ ಮ್ಯಾಶ್‌ಗೆ ಮೊದಲ ಮದ್ದು ಬಾಣಲೆಯೇ. ಅಗಲ ಪಾತ್ರೆಯಲ್ಲಿ ಸಣ್ಣ ಉರಿಗೆ ಐದಾರು ನಿಮಿಷ ಕೈಯಾಡಿಸಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಮೂರು ಸೆಕೆಂಡು ಮುಚ್ಚಿಕೊಳ್ಳದೆ ನಿಲ್ಲುವ ತನಕ. ದಪ್ಪ ಹನಿಗಳು ಸಿಡಿಯುತ್ತವೆ, ತೋಳಿನ ಮೇಲೆ ಜೋಪಾನ.

ಅಷ್ಟು ಹೊತ್ತಿಲ್ಲದಿದ್ದರೆ ಹುರಿಗಡಲೆ ಹಿಟ್ಟು. ಇದಕ್ಕೆ ಸರಿಸಾಟಿ ಇಲ್ಲ. ಒಂದು ದೊಡ್ಡ ಚಮಚ ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು ಬೆರೆಸಿ ಐದು ನಿಮಿಷ ಬಿಟ್ಟರೆ ನೀರನ್ನು ಹೀರಿಕೊಳ್ಳುತ್ತದೆ. ಮೊದಲೇ ಹುರಿದದ್ದರಿಂದ ಹಸಿ ವಾಸನೆ ಇಲ್ಲ, ರುಚಿಯೂ ನಮ್ಮ ನಾಲಿಗೆಗೆ ಪರಿಚಿತ. ಎರಡು ಚಮಚ ಮೀರಿದರೆ ಮಾತ್ರ ಚಟ್ನಿಯ ಕಡೆಗೆ ವಾಲುತ್ತದೆ. ಕಾರ್ನ್‌ಫ್ಲೋರ್ ಬೇಡ, ಹೊಳಪು ಬಂದು ಲೇಹ್ಯದ ಹಾಗೆ ಜಿಗುಟಾಗುತ್ತದೆ. ಅಕ್ಕಿ ಹಿಟ್ಟು ಮತ್ತೆ ಬೇಯಬೇಕು, ಇಲ್ಲದಿದ್ದರೆ ಹಸಿ. ಸಕ್ಕರೆ ಕಾಯಿಲೆಯ ಚಿಂತೆ ಇಲ್ಲದವರು ಮೂರು ಪಾಲು ಹೂಕೋಸಿಗೆ ಒಂದು ಪಾಲು ಆಲೂಗೆಡ್ಡೆ ಸೇರಿಸಬಹುದು. ಆಲೂಗೆಡ್ಡೆಯನ್ನು ಬೇರೆಯಾಗಿ ಬೇಯಿಸಿ, ಕೈಯಲ್ಲೇ ಮಸೆದು, ನುಣ್ಣಗೆ ಅರೆದ ಹೂಕೋಸಿಗೆ ಸೌಟಿನಲ್ಲಿ ಬೆರೆಸಿ. ಎರಡನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿದರೆ ಹೂಕೋಸೂ ಅಂಟಿನ ಪಾಲಾಗುತ್ತದೆ, ಅದಕ್ಕೆ ಮದ್ದಿಲ್ಲ. ಅಂಥದ್ದಕ್ಕೆ ಬಿಸಿನೀರು ಬೆರೆಸಿ ಸೂಪು ಮಾಡಿಬಿಡಿ.

ತರಿತರಿ ಉಳಿದಿದ್ದರೆ ಕಾರಣ ಎರಡರಲ್ಲಿ ಒಂದು. ತರಿ ಗಟ್ಟಿಯಾಗಿದ್ದರೆ ಹೂವು ಬೆಂದಿಲ್ಲ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಐದು ನಿಮಿಷ ಸಣ್ಣ ಉರಿಗಿಟ್ಟು ಮತ್ತೆ ಅರೆಯಿರಿ. ತರಿ ಮೆತ್ತಗಿದ್ದೂ ನಾಲಿಗೆಗೆ ಒರಟಾಗಿದ್ದರೆ ಜಿಡ್ಡು ಸಾಲದು, ಇನ್ನೊಂದು ಚಮಚ ಬೆಣ್ಣೆ. ಎರಡೂ ಅಲ್ಲದೆ ನಾರು ಸಿಗುತ್ತಿದ್ದರೆ ಹಿಟ್ಟಿನ ಜರಡಿಯ ಮೇಲೆ ಹಾಕಿ ಸೌಟಿನ ಬೆನ್ನಿಂದ ಉಜ್ಜುವುದೇ ದಾರಿ.

ಬಡಿಸುವಾಗ ಕೆಲವರು ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಒಗ್ಗರಣೆಯನ್ನು ಮೇಲೆ ಸುರಿದು ಬಿಡಿ, ಕಲಸಬೇಡಿ. ಕಲಸಿದರೆ ಕರಿಬೇವು ಮೆತ್ತಗಾಗಿ ಮ್ಯಾಶ್‌ನ ನುಣುಪೂ ಕೆಡುತ್ತದೆ. ಇದಕ್ಕಿಂತ ಚೆನ್ನಾಗಿ ಹೊಂದುವುದು ಮಂಡ್ಯದ ಉಪ್ಸಾರು ಖಾರ. ಬಿಳಿ ಮ್ಯಾಶ್‌ನ ನಡುವೆ ಸೌಟಿನಿಂದ ಗುಳಿ ಮಾಡಿ ಅರ್ಧ ಚಮಚ ಖಾರ ಇಟ್ಟು ಕೊಡಿ. ಹೂಕೋಸಿನ ಸಪ್ಪೆಗೂ ಬೆಣ್ಣೆಗೂ ಆ ಬೆಳ್ಳುಳ್ಳಿ, ಹುಣಸೆ, ಮೆಣಸಿನಕಾಯಿಯ ಬಿರುಸು ಚೆನ್ನಾಗಿ ಕೂಡುತ್ತದೆ. ಮುದ್ದೆ ಬಿಟ್ಟವರಿಗೆ ಉಪ್ಸಾರು ಉಣ್ಣುವ ಒಂದು ದಾರಿಯೂ ಹೌದು. ಮುದ್ದೆಯ ಹಾಗೆ ಮುರಿದು ಅದ್ದಿ ನುಂಗುವುದಕ್ಕೆ ಮಾತ್ರ ಇದು ಆಗದು, ಉಂಡೆ ನಿಲ್ಲುವುದಿಲ್ಲ. ಚಮಚವೇ ಬೇಕು.

ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಮರುದಿನ ಮೇಲೆ ಸ್ವಲ್ಪ ನೀರು ನಿಂತಿದ್ದರೆ ಅದನ್ನು ಕಲಸಬೇಡಿ, ಪಾತ್ರೆ ವಾಲಿಸಿ ಬಸಿದುಬಿಡಿ. ಬಿಸಿ ಮಾಡುವಾಗ ಮುಚ್ಚಳ ಇಲ್ಲದೆ ಬಾಣಲೆಯಲ್ಲೇ. ಸ್ವಲ್ಪ ಮಾತ್ರ ಉಳಿದಿದ್ದರೆ ಅಕ್ಕಿ ರೊಟ್ಟಿ ಹಿಟ್ಟಿಗೆ ಹಾಕಿ: ಎರಡು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ಮ್ಯಾಶ್, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು. ಮೊದಲು ನೀರಿಲ್ಲದೆ ಕಲಸಿ, ಆಮೇಲೆ ಎಷ್ಟು ಬೇಕೋ ಅಷ್ಟು ಬಿಸಿನೀರು ಚಿಮುಕಿಸಿ. ರೊಟ್ಟಿ ತಟ್ಟುವಾಗ ಅಂಚು ಬಿರಿಯುವುದಿಲ್ಲ, ಆರಿದ ಮೇಲೂ ಮೆತ್ತಗಿರುತ್ತದೆ.